ತಿದ್ದಿದ್ದಕ್ಕೆಲ್ಲ ಲೆಕ್ಕ ಇಡುವ ‘ಗಿಟ್’

ಮೇಷ್ಟ್ರು ಒಬ್ಬರು, ಶಿಷ್ಯರು ಇಬ್ಬರು. ಕೆಲಸ ಒಂದೇ, ಆದರೆ ಮೂವರ ಗಡಿಯಾರಗಳು ಬೇರೆ ಬೇರೆ. ಒಬ್ಬ ಶಿಷ್ಯ ಬೆಳಿಗ್ಗೆ ಒಂಬತ್ತಕ್ಕೆ ಬಂದು ಸಂಜೆ ಐದಕ್ಕೆ ಎದ್ದು ಹೋಗುವ ಶಿಸ್ತಿನವ. ಇನ್ನೊಬ್ಬನಿಗೆ ಹೊತ್ತುಗೊತ್ತು ಇಲ್ಲ. ಮೇಷ್ಟ್ರಿಗೆ ಬಿಡುವು ಸಿಗುವುದು ಸಂಜೆಯ ಮೇಲೆ ಮಾತ್ರ. 1984ರ ಜುಲೈಯಿಂದ 1985ರ ಆಗಸ್ಟ್‌ವರೆಗೆ ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದ ವ್ರೈಯೆ ವಿಶ್ವವಿದ್ಯಾಲಯದಲ್ಲಿ ಡಿಕ್ ಗ್ರೂನೆ ಎಂಬ ಅಧ್ಯಾಪಕರು ತಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ‘ಸಿ’ ಭಾಷೆಯ ಕಂಪೈಲರ್ ಒಂದನ್ನು ಬರೆಯುತ್ತಿದ್ದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸದಂತೆ, ಒಬ್ಬರಿಗಾಗಿ ಇನ್ನೊಬ್ಬರು ಕಾಯದಂತೆ ಕೆಲಸ ಸಾಗಬೇಕಿತ್ತು. ಅದಕ್ಕಾಗಿ ಗ್ರೂನೆ ಒಂದಷ್ಟು ಪುಟ್ಟ ಆದೇಶಗಳ ಕಟ್ಟನ್ನು ಬರೆದರು. ಮೂವರಿಗೂ ತಮ್ಮ ತಮ್ಮ ಪ್ರತಿ. ಅವರವರ ಬಿಡುವಿನಲ್ಲಿ ಅವರವರು ತಿದ್ದಬಹುದು. ಕೊನೆಗೆ ಕಂಪ್ಯೂಟರೇ ಎಲ್ಲವನ್ನೂ ಹೊಂದಿಸಿ ಒಂದು ಮಾಡುತ್ತದೆ. 1986ರ ಜೂನ್‌ನಲ್ಲಿ ಅದನ್ನು ಅವರು ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. ಮುಂದೆ ‘ಸಿವಿಎಸ್’ ಎಂಬ ಹೆಸರಿನಲ್ಲಿ ಅದು ಜಗತ್ತಿನ ಸಾವಿರಾರು ತಂತ್ರಾಂಶ ತಂಡಗಳ ಕೈಪಾಡು ಆಯಿತು.

ಆ ಮೂವರ ಸಮಸ್ಯೆ ಇಂದಿನ ವಿದ್ಯಾರ್ಥಿಗಳಿಗೆ ಹೊಸದೇನಲ್ಲ. ನಾಲ್ವರು ಸೇರಿ ಕಾಲೇಜಿನ ಪ್ರಾಜೆಕ್ಟ್ ವರದಿ ಬರೆಯಲು ಕೂತರೆ ಸಾಕು. ಕಂಪ್ಯೂಟರಿನಲ್ಲಿ ‘ವರದಿ’, ‘ವರದಿ ಹೊಸದು’, ‘ವರದಿ ಕೊನೆಯದು’, ‘ವರದಿ ನಿಜವಾಗಿಯೂ ಕೊನೆಯದು’ ಎಂಬ ಕಡತಗಳು ಅಣಬೆಗಳಂತೆ ಏಳುತ್ತವೆ. ಯಾವುದರಲ್ಲಿ ಯಾರ ತಿದ್ದುಪಡಿ ಇದೆ, ಯಾವುದರಲ್ಲಿ ಬಿಟ್ಟುಹೋಗಿದೆ, ಆ ದೇವರಿಗೇ ಗೊತ್ತು. ಶಾಲೆಯದೋ ಸಂಘದ್ದೋ ವೆಬ್‌ಸೈಟ್ ನೋಡಿಕೊಳ್ಳುವವರ ಪಾಡು ಇನ್ನೂ ಕಷ್ಟ. ಅಲ್ಲಿ ತಪ್ಪಾದರೆ ಅದು ಮೇಜಿನೊಳಗೆ ಉಳಿಯುವುದಿಲ್ಲ, ಊರಿಗೆಲ್ಲ ಕಾಣಿಸುತ್ತದೆ.

ಇದಕ್ಕೆ ತಂತ್ರಾಂಶ ಬರೆಯುವವರು ಕಂಡುಕೊಂಡ ಮದ್ದಿನ ಹೆಸರು ‘ವರ್ಷನ್ ಕಂಟ್ರೋಲ್’. ಕನ್ನಡದಲ್ಲಿ ಆವೃತ್ತಿ ನಿಯಂತ್ರಣ ಎನ್ನಬಹುದು. ಹೆಸರು ಭಾರವಾದರೂ ವಿಷಯ ಸರಳ.

ಕಿರ್ದಿ ಪುಸ್ತಕದ ನೀತಿ

ಹಳೆಯ ಕಾಲದ ಅಂಗಡಿಯ ಗುಮಾಸ್ತರು ಕಿರ್ದಿ ಬರೆಯುತ್ತಿದ್ದ ರೀತಿಯನ್ನು ನೆನಪಿಸಿಕೊಳ್ಳಿ. ಬರೆದ ಅಂಕಿಯನ್ನು ರಬ್ಬರಿನಿಂದ ಅಳಿಸುವಂತಿಲ್ಲ. ತಪ್ಪಾಗಿದ್ದರೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು, ತಿದ್ದಿದವರು ಯಾರೆಂಬುದೂ ಗೊತ್ತಾಗಬೇಕು. ನಮ್ಮ ಗ್ರಂಥಸಂಪಾದಕರು ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪುಟದ ಅಡಿಯಲ್ಲಿ ಪಾಠಾಂತರಗಳನ್ನು ಪಟ್ಟಿ ಮಾಡುವುದೂ ಇದೇ ಬಗೆಯ ಎಚ್ಚರ. ಯಾವ ಪ್ರತಿಯಲ್ಲಿ ಯಾವ ಪದವಿದೆ ಎಂದು ಹೇಳದೆ ಕಾವ್ಯವನ್ನು ತಿದ್ದಿದರೆ ಮುಂದಿನವರಿಗೆ ದಾರಿಯೇ ಇರುವುದಿಲ್ಲ.

ಕಂಪ್ಯೂಟರಿನಲ್ಲಿ ಈ ನೀತಿಯನ್ನು ಜಾರಿಗೆ ತಂದ ಮೊದಲಿಗರಲ್ಲಿ ಒಬ್ಬರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಚ್‌ಕೈಂಡ್. 1972ರಲ್ಲಿ ಅವರು ರೂಪಿಸಿದ ‘ಎಸ್‌ಸಿಸಿಎಸ್’ ಈ ವಂಶದ ಹಿರಿಯಜ್ಜ. 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಕಿ ‘ಆರ್‌ಸಿಎಸ್’ ತಂದರು. ಅದರ ಹೆಗಲ ಮೇಲೆ ಕುಳಿತದ್ದೇ ಗ್ರೂನೆಯವರ ಸಿವಿಎಸ್. ಇವತ್ತು ಎಲ್ಲೆಡೆ ಕೇಳಿಬರುವ ಹೆಸರು ಈ ವಂಶದ ಮೊಮ್ಮಗನದ್ದು: ‘ಗಿಟ್’.

ಜಗಳದಿಂದ ಹುಟ್ಟಿದ ಗಿಟ್

ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ 1991ರಲ್ಲಿ ಲಿನಕ್ಸ್ ಕರ್ನೆಲ್ ಬರೆಯಲು ತೊಡಗಿದ ಲಿನಸ್ ಟೊರ್ವಾಲ್ಡ್ಸ್ ಅವರ ಹೆಸರನ್ನು ಕಂಪ್ಯೂಟರ್ ಓದುವವರೆಲ್ಲ ಕೇಳಿರುತ್ತಾರೆ. ಲೋಕದ ಮೂಲೆ ಮೂಲೆಯಿಂದ ಬರುವ ತಿದ್ದುಪಡಿಗಳನ್ನು ಹೊಂದಿಸಲು ಲಿನಕ್ಸ್ ತಂಡ 2002ರಿಂದ ‘ಬಿಟ್‌ಕೀಪರ್’ ಎಂಬ ಖಾಸಗಿ ತಂತ್ರಾಂಶವನ್ನು ಪುಕ್ಕಟೆಯಾಗಿ ಬಳಸುತ್ತಿತ್ತು. ಅದರ ಒಳಗುಟ್ಟನ್ನು ತಂಡದ ನಂಟಿನವರೊಬ್ಬರು ಬಿಡಿಸಲು ಹೊರಟಿದ್ದಾರೆಂಬ ತಕರಾರು ಎದ್ದು, 2005ರಲ್ಲಿ ಪುಕ್ಕಟೆ ಪರವಾನಗಿ ರದ್ದಾಯಿತು.

ಟೊರ್ವಾಲ್ಡ್ಸ್ ಕೈಕಟ್ಟಿ ಕೂರಲಿಲ್ಲ. ಏಪ್ರಿಲ್ 3ರಂದು ಹೊಸ ತಂತ್ರಾಂಶ ಬರೆಯಲು ಕುಳಿತರು. ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನದೇ ಮೂಲಪಾಠದ ಲೆಕ್ಕವನ್ನು ತಾನೇ ಇಡುವಷ್ಟು ಬೆಳೆದಿತ್ತು. ಜೂನ್‌ನಲ್ಲಿ ಬಂದ ಲಿನಕ್ಸಿನ 2.6.12 ಆವೃತ್ತಿ ಸಿದ್ಧವಾದದ್ದು ಗಿಟ್‌ನ ಆಸರೆಯಲ್ಲಿ. ಜುಲೈ ತಿಂಗಳಲ್ಲಿ ಅವರು ಗಿಟ್‌ನ ಹೊಣೆಯನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿ ತಮ್ಮ ಲಿನಕ್ಸಿಗೆ ಮರಳಿದರು. ಅಂದಹಾಗೆ, ಬ್ರಿಟಿಷರ ಆಡುಮಾತಿನಲ್ಲಿ ‘ಗಿಟ್’ ಎಂದರೆ ಸಹಿಸಲಾಗದ ಮನುಷ್ಯ ಎಂಬ ಬೈಗುಳ!

ಚಿತ್ರ ತೆಗೆದಂತೆ ಚರಿತ್ರೆ

ಗಿಟ್ ಕೆಲಸ ಮಾಡುವುದು ಹೇಗೆ? ಕಡತಗಳನ್ನು ಇಟ್ಟ ಫೋಲ್ಡರಿನಲ್ಲಿ ಒಮ್ಮೆ ಗಿಟ್ ಶುರು ಮಾಡಿದರೆ ಅದು ಒಂದು ಗುಪ್ತ ಉಗ್ರಾಣವನ್ನು ಕಟ್ಟಿಕೊಳ್ಳುತ್ತದೆ. ಬರೆಯುವವರು ಒಂದು ಹಂತದ ಕೆಲಸ ಮುಗಿಸಿ ‘ಕಮಿಟ್’ ಎಂದಾಗಲೆಲ್ಲ ಆ ಕ್ಷಣದಲ್ಲಿ ಎಲ್ಲ ಕಡತಗಳೂ ಇದ್ದ ಸ್ಥಿತಿಯ ಒಂದು ಚಿತ್ರ ಉಗ್ರಾಣ ಸೇರುತ್ತದೆ. ಚಿತ್ರದ ಜೊತೆ ಬರೆದವರ ಹೆಸರು, ಇ-ಮೇಲ್ ವಿಳಾಸ, ದಿನಾಂಕ, ವೇಳೆ ಮತ್ತು ಏಕೆ ತಿದ್ದಿದ್ದು ಎಂಬ ಒಂದು ಸಾಲಿನ ಒಕ್ಕಣೆ. ಬದಲಾಗದ ಕಡತವನ್ನು ಮತ್ತೆ ಮತ್ತೆ ನಕಲು ಮಾಡದೆ ಹಳೆಯದನ್ನೇ ಬೆರಳು ಮಾಡಿ ತೋರಿಸುವುದರಿಂದ ಜಾಗವೂ ಹೆಚ್ಚು ಬೇಕಾಗುವುದಿಲ್ಲ.

ಪ್ರತಿ ಕಮಿಟ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಅದು 40 ಅಂಕಿ ಅಕ್ಷರಗಳ ಉದ್ದದ್ದು. ಅದನ್ನು ಯಾರೂ ಮನಸ್ಸಿಗೆ ಬಂದಂತೆ ಕೊಡುವುದಿಲ್ಲ; ಕಡತಗಳಲ್ಲಿ ಇರುವುದನ್ನೇ ಗಣಿತದ ಗಾಣಕ್ಕೆ ಹಾಕಿ ಹಿಂಡಿ ತೆಗೆಯಲಾಗುತ್ತದೆ. ಹಿಂದಿನ ಕಮಿಟ್‌ನ ಗುರುತೂ ಈ ಲೆಕ್ಕದಲ್ಲಿ ಸೇರುತ್ತದೆ. ಹೀಗಾಗಿ ಹಳೆಯ ಕಮಿಟ್ ಒಂದರಲ್ಲಿ ಯಾರಾದರೂ ಒಂದು ಅಲ್ಪವಿರಾಮ ಬದಲಿಸಿದರೂ ಆಮೇಲಿನ ಎಲ್ಲ ಗುರುತುಗಳೂ ಬದಲಾಗುತ್ತವೆ. ಸರಪಳಿಯ ಒಂದು ಕೊಂಡಿ ಎಳೆದರೆ ಇಡೀ ಸರಪಳಿ ಸದ್ದು ಮಾಡುತ್ತದೆ.

ಇಬ್ಬರು ಬೇರೆ ಬೇರೆ ಸಾಲುಗಳನ್ನು ತಿದ್ದಿದ್ದರೆ ಗಿಟ್ ಎರಡನ್ನೂ ತಾನೇ ಹೊಂದಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ತಿದ್ದಿದ್ದರೆ? ಆಗ ಅದು ಜಾಣತನ ತೋರಿಸಲು ಹೋಗುವುದಿಲ್ಲ. ಎರಡೂ ಪಾಠಗಳನ್ನು ಒಂದರ ಕೆಳಗೊಂದು ಇಟ್ಟು, ಏಳೇಳು ಚಿಹ್ನೆಗಳ ಗೆರೆಯಿಂದ ಗುರುತು ಮಾಡಿ, ‘ನೀವೇ ತೀರ್ಮಾನಿಸಿ’ ಎಂದು ನಿಂತುಬಿಡುತ್ತದೆ. ಯಾವುದು ಸರಿ ಎಂದು ಹೇಳುವುದು ಯಂತ್ರದ ಕೆಲಸವಲ್ಲ, ಮಾತಾಡಿಕೊಂಡು ಬಗೆಹರಿಸಬೇಕಾದ ಮನುಷ್ಯರ ಕೆಲಸ.

ಬರೆದದ್ದು ವೆಬ್‌ಸೈಟ್ ಆಗುವ ಬಗೆ

ಗಿಟ್ ಹುಟ್ಟಿದ್ದು ತಂತ್ರಾಂಶಕ್ಕಾಗಿ. ಅದರೊಳಗೆ ಲೇಖನಗಳನ್ನೂ ಇಡಬಹುದು, ಅಲ್ಲಿಂದ ನೇರವಾಗಿ ವೆಬ್‌ಸೈಟನ್ನೂ ಪ್ರಕಟಿಸಬಹುದು ಎಂಬ ಪದ್ಧತಿ ಜನಪ್ರಿಯವಾದದ್ದು 2008ರ ನಂತರ. ಆ ವರ್ಷ ‘ಗಿಟ್‌ಹಬ್’ ಎಂಬ ಸಂಸ್ಥೆ ಬಾಗಿಲು ತೆರೆಯಿತು. ಗಿಟ್ ಬೇರೆ, ಗಿಟ್‌ಹಬ್ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಮೊದಲೇ ತಿಳಿದಿರುವುದು ಒಳ್ಳೆಯದು. ಗಿಟ್ ಎಂಬುದು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ಮುಕ್ತ ತಂತ್ರಾಂಶ. ಗಿಟ್‌ಹಬ್ ಎಂಬುದು ಗಿಟ್ ಉಗ್ರಾಣಗಳನ್ನು ಅಂತರಜಾಲದಲ್ಲಿ ಇಟ್ಟುಕೊಡುವ ಕಂಪನಿ. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು 750 ಕೋಟಿ ಡಾಲರಿಗೆ ಕೊಂಡಿತು. ಇಂಥ ಸೇವೆ ಕೊಡುವ ಬೇರೆ ಸಂಸ್ಥೆಗಳೂ ಇವೆ.

ಗಿಟ್‌ಹಬ್‌ನ ಸಂಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ 2008ರಲ್ಲಿಯೇ ‘ಜೆಕಿಲ್’ ಎಂಬ ಪುಟ್ಟ ತಂತ್ರಾಂಶವನ್ನು ಹೊರತಂದರು. ಲೇಖಕರು ಸಾದಾ ಅಕ್ಷರಗಳ ಕಡತದಲ್ಲಿ ಬರೆಯುತ್ತಾರೆ. ಶೀರ್ಷಿಕೆಗೆ ಒಂದು ಗುರುತು, ದಪ್ಪಕ್ಷರಕ್ಕೆ ನಕ್ಷತ್ರದ ಗುರುತು, ಅಷ್ಟೇ. ‘ಮಾರ್ಕ್‌ಡೌನ್’ ಎಂದು ಕರೆಯುವ ಈ ಸರಳ ಗುರುತುಗಳ ಪದ್ಧತಿಯನ್ನು 2004ರಲ್ಲಿ ರೂಪಿಸಿದವರು ಜಾನ್ ಗ್ರೂಬರ್. ಜೆಕಿಲ್ ಈ ಕಡತಗಳನ್ನು ಒಂದು ಅಚ್ಚಿನಲ್ಲಿ ಹಾಕಿ ತಲೆಬರಹ, ಪಟ್ಟಿ, ಕೊಂಡಿಗಳೊಡನೆ ಸಿದ್ಧ ಪುಟಗಳನ್ನಾಗಿ ಮಾಡುತ್ತದೆ. ಬರೆದದ್ದನ್ನು ಕಮಿಟ್ ಮಾಡಿ ‘ಪುಶ್’ ಎಂಬ ಆದೇಶ ಕೊಟ್ಟರೆ ಅದು ದೂರದ ಉಗ್ರಾಣ ಸೇರುತ್ತದೆ. ಅಲ್ಲಿ ಪುಟಗಳು ತಯಾರಾಗಿ ತುಸು ಹೊತ್ತಿನಲ್ಲಿ ಲೋಕಕ್ಕೆ ಕಾಣಿಸುತ್ತವೆ. ‘ಗಿಟ್‌ಹಬ್ ಪೇಜಸ್’ ಎಂಬ ಈ ಸೌಲಭ್ಯಕ್ಕೆ ಬಾಡಿಗೆ ಇಲ್ಲ. ಸ್ವಂತ ಹೆಸರಿನ ವಿಳಾಸ ಬೇಕೆಂದರೆ ಮಾತ್ರ ಅದಕ್ಕೆ ವರ್ಷಕ್ಕಿಷ್ಟು ಎಂದು ತೆರಬೇಕು.

ಲಾಭ ಹಣದ್ದಷ್ಟೇ ಅಲ್ಲ. ಬೆಳಿಗ್ಗೆ ಹಾಕಿದ ಪುಟದಲ್ಲಿ ಪರೀಕ್ಷೆಯ ದಿನಾಂಕ ತಪ್ಪಿದೆ ಎಂದು ಮಧ್ಯಾಹ್ನ ಗೊತ್ತಾದರೆ ‘ರಿವರ್ಟ್’ ಎಂಬ ಒಂದು ಆದೇಶದಿಂದ ಆ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಬಹುದು. ಹಿಂದಕ್ಕೆ ಪಡೆದದ್ದೂ ಇನ್ನೊಂದು ಕಮಿಟ್ ಆಗಿ ಚರಿತ್ರೆಯಲ್ಲಿ ದಾಖಲಾಗುತ್ತದೆ. ಹೊಸಬರ ಬರಹವನ್ನು ಬೇರೆ ‘ಬ್ರಾಂಚ್’ನಲ್ಲಿ, ಅಂದರೆ ಪಕ್ಕದ ಕೊಂಬೆಯಲ್ಲಿ ಇಟ್ಟು, ಅನುಭವಿಗಳು ಓದಿ ಒಪ್ಪಿದ ಮೇಲೆಯೇ ಮುಖ್ಯ ಕಾಂಡಕ್ಕೆ ಸೇರಿಸಬಹುದು.

ದೊಡ್ಡವರೂ ಈ ದಾರಿ ಹಿಡಿದಿದ್ದಾರೆ. ವೆಬ್ ಪುಟಗಳನ್ನು ರಚಿಸುವವರು ದಿನಬೆಳಗಾದರೆ ತೆರೆದು ನೋಡುವ ‘ಎಂಡಿಎನ್’ ಎಂಬ ಕೈಪಿಡಿಯನ್ನು 2005ರಲ್ಲಿ ಶುರು ಮಾಡಿದ್ದು ಮೊಜಿಲ್ಲಾ. ಬಹಳ ವರ್ಷ ಅದು ಯಾರು ಬೇಕಾದರೂ ಬಂದು ತಿದ್ದುವ ವಿಕಿಯಾಗಿತ್ತು. ತಿದ್ದಿದ ಕೂಡಲೇ ಪ್ರಕಟ. ಪರಿಶೀಲನೆ ಏನಿದ್ದರೂ ಆಮೇಲೆ. 2020ರ ಡಿಸೆಂಬರ್‌ನಲ್ಲಿ ಅದರ ಸಾವಿರಾರು ಪುಟಗಳನ್ನು ಡೇಟಾಬೇಸಿನಿಂದ ಹೊರತೆಗೆದು ಗಿಟ್ ಉಗ್ರಾಣಕ್ಕೆ ಸಾಗಿಸಲಾಯಿತು. ಈಗಲೂ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ಆದರೆ ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಪುಟ ಸೇರುತ್ತದೆ.

ಹಾಗೆಂದು ಎಲ್ಲ ವೆಬ್‌ಸೈಟಿಗೂ ಇದೇ ಮದ್ದಲ್ಲ. ನೋಂದಣಿ ಸಂಖ್ಯೆ ಹಾಕಿದರೆ ಫಲಿತಾಂಶ ತೋರಿಸುವ, ಟಿಕೆಟ್ ಕಾದಿರಿಸುವ, ಹಣ ಕಟ್ಟಿಸಿಕೊಳ್ಳುವ ತಾಣಗಳಿಗೆ ಡೇಟಾಬೇಸ್ ಬೇಕೇ ಬೇಕು. ಎಲ್ಲರಿಗೂ ಒಂದೇ ರೀತಿ ಕಾಣುವ ಪಾಠ, ವರದಿ, ಪತ್ರಿಕೆ, ಕೈಪಿಡಿಗಳಿಗೆ ಗಿಟ್ ಹೇಳಿ ಮಾಡಿಸಿದಂತಿದೆ.

ಕನ್ನಡಕ್ಕೆ ಬಂದಾಗ

ಕನ್ನಡದಲ್ಲಿ ಬರೆಯುವವರು ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಬರಹ ಯೂನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತದಲ್ಲಿ ನಿಜವಾಗಿ ಇರುವುದು ಬೇರೆ ಲಿಪಿಯ ಸಂಕೇತಗಳು. ಫಾಂಟು ಇಲ್ಲದ ಕಡೆ ಅದು ಅರ್ಥವಿಲ್ಲದ ಗೀಚು. ಯಾವ ಪದ ಬದಲಾಯಿತು ಎಂದು ಓದಲಾಗದು. ಡಾಕ್ಸ್ ಕಡತಗಳಿಗೂ ಇಂಥದೇ ತೊಡಕು. ಅವು ಒತ್ತಿ ಕಟ್ಟಿದ ಗಂಟು. ಗಿಟ್ ಅವನ್ನು ಇಟ್ಟುಕೊಳ್ಳುತ್ತದೆ, ಆದರೆ ಒಳಗೆ ಯಾವ ಸಾಲು ಬದಲಾಯಿತೆಂದು ತಾನಾಗಿ ಬಿಡಿಸಿ ತೋರಿಸುವುದಿಲ್ಲ.

ಎರಡನೆಯದು, ಗಿಟ್ ಹೋಲಿಸುವುದು ಸಾಲು ಸಾಲಾಗಿ. ಇಡೀ ಪ್ಯಾರಾವನ್ನು ಎಂಟರ್ ಒತ್ತದೆ ಒಂದೇ ಉದ್ದ ಸಾಲಾಗಿ ಬರೆದರೆ, ಒಂದು ದೀರ್ಘ ತಿದ್ದಿದರೂ ಪ್ಯಾರಾ ಪೂರ್ತಿ ಬದಲಾಯಿತೆಂದು ಅದು ಸಾರುತ್ತದೆ. ವಾಕ್ಯಕ್ಕೊಂದು ಸಾಲಿನಂತೆ ಬರೆಯುವುದು ಸುಲಭ ಪರಿಹಾರ. ಮಾರ್ಕ್‌ಡೌನ್‌ನಲ್ಲಿ ಆ ಸಾಲುಗಳು ಪ್ರಕಟವಾಗುವಾಗ ಒಂದೇ ಪ್ಯಾರಾ ಆಗಿ ಕೂಡಿಕೊಳ್ಳುತ್ತವೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಯೂನಿಕೋಡ್‌ನಲ್ಲಿ ‘ಕೊ’ ಎಂಬ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಗಿಟ್‌ಗೆ ಬೇರೆ ಬೇರೆ! ಏನೂ ಬದಲಾಗದಂತೆ ಕಾಣುವ ಸಾಲನ್ನು ಬದಲಾಗಿದೆ ಎಂದು ಗಿಟ್ ತೋರಿಸಿದರೆ ಗಾಬರಿಯಾಗಬೇಕಿಲ್ಲ. ತಂಡದವರೆಲ್ಲ ಒಂದೇ ಬಗೆಯ ಕೀಲಿಮಣೆ ತಂತ್ರಾಂಶ ಬಳಸಿದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಇನ್ನು ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅದನ್ನು ಸಂಖ್ಯೆಗಳ ಸಾಲಾಗಿ ತೋರಿಸುವುದುಂಟು. ಅದನ್ನು ಸರಿಪಡಿಸುವ ಆಯ್ಕೆ ಗಿಟ್‌ನಲ್ಲಿಯೇ ಇದೆ.

ಹೆತ್ತವರು ಗಮನಿಸಬೇಕಾದದ್ದು

ಚರಿತ್ರೆ ಅಳಿಯುವುದಿಲ್ಲ ಎಂಬುದೇ ಗಿಟ್‌ನ ಗುಣ. ಎಚ್ಚರ ತಪ್ಪಿದವರಿಗೆ ಅದೇ ದೋಷ. ಪಾಸ್‌ವರ್ಡನ್ನೋ ಸಹಪಾಠಿಗಳ ಫೋನ್ ಸಂಖ್ಯೆಗಳನ್ನೋ ತಿಳಿಯದೆ ಕಡತದಲ್ಲಿ ಬರೆದು ಕಮಿಟ್ ಮಾಡಿ ಪ್ರಕಟಿಸಿದರೆ, ಮರುದಿನ ಆ ಸಾಲನ್ನು ತೆಗೆದುಹಾಕಿದರೂ ಹಿಂದಿನ ಚಿತ್ರದಲ್ಲಿ ಅದು ಹಾಗೆಯೇ ಇರುತ್ತದೆ. ಬೇಕಾದವರು ಹಿಂದಕ್ಕೆ ಹೋಗಿ ಓದಬಹುದು. ಚರಿತ್ರೆಯನ್ನೇ ತಿದ್ದಿ ಬರೆಯುವ ಉಪಾಯಗಳಿವೆ. ಆದರೆ ಅಷ್ಟರಲ್ಲಿ ಬೇರೆಯವರು ಪ್ರತಿ ತೆಗೆದುಕೊಂಡಿದ್ದರೆ ಅದನ್ನು ಹಿಂಪಡೆಯುವಂತಿಲ್ಲ. ಸೋರಿದ ಪಾಸ್‌ವರ್ಡನ್ನು ಅಳಿಸಲು ಹೊರಡುವ ಮೊದಲು ಬದಲಿಸಬೇಕು.

ಪ್ರತಿ ಕಮಿಟ್‌ನಲ್ಲಿ ಬರೆದವರ ಇ-ಮೇಲ್ ವಿಳಾಸ ಇರುತ್ತದೆ ಎಂಬುದನ್ನೂ ಮರೆಯಬಾರದು. ಮಕ್ಕಳ ಸ್ವಂತ ವಿಳಾಸವನ್ನು ಹೀಗೆ ಬಯಲಿಗೆ ಇಡಬೇಕಿಲ್ಲ. ಅದನ್ನು ಮರೆಮಾಡುವ ಬದಲಿ ವಿಳಾಸವನ್ನು ಗಿಟ್‌ಹಬ್ ಕೊಡುತ್ತದೆ. ಅಲ್ಲಿ ಖಾತೆ ತೆರೆಯಲು ಕನಿಷ್ಠ 13 ವರ್ಷ ತುಂಬಿರಬೇಕೆಂಬ ನಿಯಮವಿದೆ. ಉಚಿತ ಖಾತೆಯಲ್ಲಿ ಪೇಜಸ್ ಬಳಸಬೇಕಾದರೆ ಉಗ್ರಾಣ ಎಲ್ಲರಿಗೂ ತೆರೆದಿರಬೇಕು. ಆದ್ದರಿಂದ ಅಂಕಪಟ್ಟಿ, ಮನೆಯ ವಿಳಾಸ, ಒಪ್ಪಿಗೆಯಿಲ್ಲದೆ ತೆಗೆದ ಚಿತ್ರ ಇವು ಅಲ್ಲಿಗೆ ಹೋಗದಂತೆ ಮೊದಲೇ ಮಾತಾಡಿಕೊಳ್ಳುವುದು ಲೇಸು.

ಗುಂಪಿನ ಪ್ರಾಜೆಕ್ಟಿನಲ್ಲಿ ದುಡಿದವರಾರು, ಹೆಸರು ಹಾಕಿಸಿಕೊಂಡವರಾರು ಎಂಬ ಹಳೆಯ ಜಗಳಕ್ಕೂ ಗಿಟ್ ಸಾಕ್ಷಿ ಹೇಳಬಲ್ಲದು. ಆದರೆ ಆ ಸಾಕ್ಷಿಗೂ ಮಿತಿ ಇದೆ. ಹೆಸರು ಮತ್ತು ವೇಳೆಯನ್ನು ಗಿಟ್ ಬಳಕೆದಾರರ ಕಂಪ್ಯೂಟರಿನಿಂದಲೇ ತೆಗೆದುಕೊಳ್ಳುತ್ತದೆ. ಡಿಜಿಟಲ್ ಸಹಿ ಇಲ್ಲದಿದ್ದರೆ ಇನ್ನೊಬ್ಬರ ಹೆಸರಿನಲ್ಲಿಯೂ ಕಮಿಟ್ ಮಾಡಬಹುದು. ಕಮಿಟ್‌ಗಳ ಸಂಖ್ಯೆ ನೋಡಿ ಅಂಕ ಕೊಡುವುದಂತೂ ಸಲ್ಲದು. ಹತ್ತು ಕಡೆ ಪೂರ್ಣವಿರಾಮ ಸೇರಿಸಿದವನಿಗೆ ಹತ್ತು ಕಮಿಟ್, ಇಡೀ ಅಧ್ಯಾಯವನ್ನು ಯೋಚಿಸಿ ಬರೆದವಳಿಗೆ ಒಂದೇ ಕಮಿಟ್ ಇದ್ದೀತು.

ಇನ್ನೊಂದು ಪಾಠ ಕಲಿಸಿದ್ದು 2017ರ ಜನವರಿ 31ರ ಘಟನೆ. ಗಿಟ್ ಉಗ್ರಾಣಗಳನ್ನು ಕಾಯುವ ‘ಗಿಟ್‌ಲ್ಯಾಬ್’ ಎಂಬ ಸಂಸ್ಥೆಯ ಇಂಜಿನಿಯರ್ ಒಬ್ಬರು ಸರ್ವರಿನ ತೊಂದರೆ ಸರಿಪಡಿಸುವ ಭರದಲ್ಲಿ ಬೇರೆ ಯಂತ್ರದಲ್ಲಿ ಕೊಡಬೇಕಾದ ಅಳಿಸುವ ಆದೇಶವನ್ನು ಮುಖ್ಯ ಯಂತ್ರದಲ್ಲಿ ಕೊಟ್ಟುಬಿಟ್ಟರು. ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು 4.5 ಗಿಗಾಬೈಟ್. ಕಾಪು ಪ್ರತಿಗಾಗಿ ಮಾಡಿಕೊಂಡಿದ್ದ ಹಲವು ಏರ್ಪಾಟುಗಳು ಕೆಲಸವನ್ನೇ ಮಾಡುತ್ತಿರಲಿಲ್ಲ ಎಂಬುದು ಆಗ ಬೆಳಕಿಗೆ ಬಂತು. ಆರು ಗಂಟೆ ಹಿಂದೆ ಬೇರೊಂದು ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೊಂದು ಮಾನ ಕಾಪಾಡಿತು. ಬಳಕೆದಾರರ ಗಿಟ್ ಉಗ್ರಾಣಗಳಿಗೆ ಧಕ್ಕೆಯಾಗಲಿಲ್ಲ. ಡೇಟಾಬೇಸಿನಲ್ಲಿದ್ದ ಆ ಆರು ಗಂಟೆಗಳ ಚರ್ಚೆ, ಟಿಪ್ಪಣಿ, ಹೊಸ ಖಾತೆಗಳು ಮಾತ್ರ ಕಳೆದುಹೋದವು. ಸಂಸ್ಥೆ ಏನನ್ನೂ ಮುಚ್ಚಿಡದೆ, ದುರಸ್ತಿಯನ್ನು ಅಂತರಜಾಲದಲ್ಲಿ ನೇರವಾಗಿ ಪ್ರಸಾರ ಮಾಡಿತು. ಕಾಪು ಪ್ರತಿ ಇದೆ ಎಂದು ನಂಬಿದರೆ ಸಾಲದು, ಅದನ್ನು ಆಗಾಗ ತೆರೆದು ನೋಡಬೇಕು ಎಂಬುದು ಇದರ ನೀತಿ.

ಆರಂಭಿಸುವುದು ಹೇಗೆ?

ದೊಡ್ಡ ಸೈಟಿನಿಂದ ಶುರು ಮಾಡುವ ಅಗತ್ಯವಿಲ್ಲ. ಗಿಟ್ ಕಲಿಯಲು ಅಂತರಜಾಲ ಸಂಪರ್ಕವೂ ಬೇಕಾಗಿಲ್ಲ. ಒಮ್ಮೆ ಇಳಿಸಿಕೊಂಡರೆ ಚರಿತ್ರೆಯೆಲ್ಲ ಸ್ವಂತ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಒಂದು ಪಾಠದ ಟಿಪ್ಪಣಿಯನ್ನೋ ಊರಿನ ಕೆರೆಯ ಬಗ್ಗೆ ಬರೆದ ಪ್ರಬಂಧವನ್ನೋ ಒಂದು ಫೋಲ್ಡರಿನಲ್ಲಿ ಇಟ್ಟು ದಿನಕ್ಕೊಮ್ಮೆ ಕಮಿಟ್ ಮಾಡುತ್ತ ಹೋದರೆ ಒಂದು ವಾರದಲ್ಲಿ ಕೈ ಪಳಗುತ್ತದೆ. ‘ಆ್ಯಡ್’, ‘ಕಮಿಟ್’, ‘ಲಾಗ್’, ‘ಡಿಫ್’ ಎಂಬ ನಾಲ್ಕು ಆದೇಶಗಳು ಬಂದರೆ ಮೊದಲ ತಿಂಗಳಿಗೆ ಸಾಕು. ಪ್ರಕಟಣೆಯ ಮಾತು ಆಮೇಲೆ.

ಕಮಿಟ್‌ನ ಒಕ್ಕಣೆಯಲ್ಲಿ ‘ತಿದ್ದಿದೆ’ ಎಂದಷ್ಟೇ ಬರೆಯುವುದು ಬಹುತೇಕ ಹೊಸಬರ ಚಾಳಿ. ಏನು ತಿದ್ದಿದ್ದೆಂದು ಗಿಟ್‌ಗೇ ಗೊತ್ತು. ಅದಕ್ಕೆ ಗೊತ್ತಿಲ್ಲದ್ದು ಏಕೆ ತಿದ್ದಿದ್ದು ಎಂಬುದು. ‘ಮಳೆಯಿಂದಾಗಿ ವಿಜ್ಞಾನ ಮೇಳದ ದಿನಾಂಕ ಮುಂದೆ ಹೋಗಿದೆ’ ಎಂಬ ಒಂದು ಸಾಲು ಆರು ತಿಂಗಳ ನಂತರ ಅದೇ ಕಡತವನ್ನು ತೆರೆದವರಿಗೆ ದೀಪವಾಗುತ್ತದೆ.

ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಚಿತ್ತು ಕಂಡರೆ ಅಂಕ ಹೋದೀತೆಂಬ ಅಂಜಿಕೆಯಲ್ಲೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಚೊಕ್ಕ ಪ್ರತಿ ಮಾತ್ರ ತೋರಿಸಬೇಕು, ಕಚ್ಚಾ ಪ್ರತಿ ಹರಿದು ಎಸೆಯಬೇಕು. ಗಿಟ್‌ನ ರೀತಿ ಇದಕ್ಕೆ ತಿರುಗುಮುರುಗು. ಅಲ್ಲಿ ಚಿತ್ತು ನಾಚಿಕೆಯ ವಿಷಯವಲ್ಲ, ಚಿತ್ತು ಇದ್ದರೇನೇ ಚರಿತ್ರೆ. ಹಿಂದಿನ ಪ್ರತಿ ಭದ್ರವಾಗಿದೆ ಎಂಬ ಧೈರ್ಯ ಇರುವವರು ಹೊಸದನ್ನು ಬರೆದು ನೋಡಲು ಹೆದರುವುದಿಲ್ಲ. ತಿದ್ದಿದ್ದಕ್ಕೆಲ್ಲ ತಮ್ಮ ಹೆಸರಿನ ಲೆಕ್ಕ ಇರುತ್ತದೆ ಎಂದು ತಿಳಿದವರು ಬೇಜವಾಬ್ದಾರಿಯಿಂದ ಬರೆಯುವುದೂ ಇಲ್ಲ. ಲಿನಕ್ಸಿಗೆ ತಿದ್ದುಪಡಿ ಕಳಿಸುವ ಇಂಜಿನಿಯರಿಗೂ ಶಾಲೆಯ ಗೋಡೆಪತ್ರಿಕೆಯನ್ನು ಜಾಲಕ್ಕೆ ಏರಿಸುವ ಹುಡುಗಿಗೂ ಈ ಎರಡು ಗುಣ ಬೇಕು.